ಒಪ್ಪಿಸಿಕೊಡುವುದೆಂದರೆ

ನಮ್ಮ ಕ್ರೈಸ್ತ ಮನೆಗಳಲ್ಲಿ ‘ದೇವರ ಚಿತ್ತ’ ಎಂಬ ಮಾತು ಅಡುಗೆಮನೆಯ ಉಪ್ಪಿನಂತೆ. ಅದಿಲ್ಲದೆ ದಿನ ಸಾಗದು. ಮದುವೆಯ ಕರೆಯೋಲೆಯಲ್ಲಿ ದೇವರ ಚಿತ್ತಾನುಸಾರವೆಂದು ಅಚ್ಚು ಹಾಕಿಸುತ್ತೇವೆ. ಮಗನಿಗೆ ಕೆಲಸ ಸಿಕ್ಕರೆ ದೇವರ ಚಿತ್ತ, ಸಿಗದಿದ್ದರೂ ದೇವರ ಚಿತ್ತ. ರಜೆಗೆ ಊರಿಗೆ ಬರುತ್ತೇನೆಂದು ಹೇಳುವಾಗ ‘ಕರ್ತನ ಚಿತ್ತವಾದರೆ’ ಎಂದು ಸೇರಿಸದಿದ್ದರೆ ಹಿರಿಯರಿಗೆ ಸಮಾಧಾನವಿಲ್ಲ. ಸಾವಿನ ಮನೆಯಲ್ಲಂತೂ ಬೇರೆ ಮಾತೇ ಹೊರಡದು. ಯೇಸು ಸ್ವಾಮಿ ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲೂ ದೇವರ ಇಷ್ಟ ಈ ನೆಲದ ಮೇಲೆ ನಡೆಯಬೇಕೆಂಬ ಬೇಡಿಕೆಯಿದೆ. ಅಕ್ಷರ ಕಲಿಯುವ ಮೊದಲೇ ಅಮ್ಮನ ಮಡಿಲಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದವಳು ನಾನು. ಅಂದಿನಿಂದ ಇಂದಿನವರೆಗೆ ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಹೆಚ್ಚು ಓಡಾಡಿದ ನಾಣ್ಯದ ಮೇಲಿನ ಅಕ್ಷರ ಅಳಿಸಿಹೋಗುವಂತೆ, ಹೆಚ್ಚು ಆಡಿದ ಮಾತಿನ ಅರ್ಥವೂ ಸವೆದುಹೋಗುತ್ತದೆ. ನನ್ನ ಬಾಳನ್ನು, ನನ್ನ ಇಚ್ಛೆಯನ್ನು ದೇವರಿಗೆ ಒಪ್ಪಿಸಿಕೊಡುವುದೆಂದರೆ ನಿಜವಾಗಿ ಏನು ಮಾಡುವುದು? ಯಾರಾದರೂ ಎದುರಿಗೆ ನಿಂತು ಕೇಳಿದಾಗ ಮಾತ್ರ ಈ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ.

ನನ್ನನ್ನು ಹಾಗೆ ಕೇಳಿದವರು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು. ದಿನಾ ವಿಷ್ಣುಸಹಸ್ರನಾಮ ಹೇಳಿಕೊಳ್ಳುವ ಹೆಂಗಸು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಹೇಳಿದರು: “ಅಲ್ಲ ಟೀಚರ್, ನಿಮ್ಮಲ್ಲಿ ಮನಸ್ಸನ್ನು ಪೂರ್ತಿ ದೇವರಿಗೆ ಒಪ್ಪಿಸಿಬಿಡಿ ಅಂತಾರೆ. ನಮ್ಮಲ್ಲೂ ಶರಣಾಗತಿ ಅಂತ ಅದನ್ನೇ ಹೇಳ್ತಾರೆ. ಹೇಳುವವರು ಹೆಚ್ಚಾಗಿ ಗಂಡಸರು. ಅವರಿಗಾದರೆ ಒಪ್ಪಿಸೋದಕ್ಕೆ ಏನೋ ಇದೆ. ನಮ್ಮ ಹತ್ತಿರ ಏನಿದೆ ಹೇಳಿ? ಓದು ಅಪ್ಪ ಹೇಳಿದಷ್ಟು, ಮದುವೆ ಅಣ್ಣ ನೋಡಿದ್ದು, ಕೆಲಸಕ್ಕೆ ಬಂದದ್ದು ಇವರು ಒಪ್ಪಿದ್ದಕ್ಕೆ, ಸಂಬಳ ಮನೆ ಸಾಲಕ್ಕೆ. ಎಲ್ಲರೂ ತಗೊಂಡು ಆದಮೇಲೆ ದೇವರಿಗೆ ಅಂತ ಉಳಿದಿರೋದು ಏನು?”

ನಗುತ್ತಲೇ ಕೇಳಿದ್ದರು. ನನಗೆ ನಗು ಬರಲಿಲ್ಲ. ಏಕೆಂದರೆ ಅದೇ ದಿನಗಳಲ್ಲಿ ನಮ್ಮ ಸ್ತ್ರೀಯರ ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದ ಒಬ್ಬಾಕೆಯ ಸಂಗತಿ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಮೂವತ್ತು ದಾಟಿರದ ಹೆಣ್ಣುಮಗಳು, ಎರಡು ಮಕ್ಕಳು. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಬರುತ್ತಿದ್ದಳು. ಏಕೆಂದು ಕೇಳುವ ಅಗತ್ಯ ನಮಗಾರಿಗೂ ಇರಲಿಲ್ಲ. ಒಮ್ಮೆ ಧೈರ್ಯ ಮಾಡಿ ಸಭೆಯ ಹಿರಿಯರೊಬ್ಬರಲ್ಲಿ ಹೇಳಿಕೊಂಡಳು. ಅವರೇನೂ ಕೆಟ್ಟವರಲ್ಲ, ನಾಲ್ಕು ಮನೆಯ ಕಷ್ಟಸುಖಕ್ಕೆ ಆಗುವವರು. “ತಂಗೀ, ಇದು ನಿನ್ನ ಪಾಲಿನ ಶಿಲುಬೆ. ಎಲ್ಲವನ್ನೂ ಕರ್ತನಿಗೆ ಒಪ್ಪಿಸಿ ತಾಳಿಕೋ” ಎಂದು ಹೇಳಿ ಕಳಿಸಿದರು. ಆಕೆ ನಂಬಿದಳು. ಮುಂದಿನ ವಾರ ಕೂಟದಲ್ಲಿ ಆಕೆ ಮಾಡಿದ ಪ್ರಾರ್ಥನೆ ಕೇಳಿ ನನ್ನ ಮೈ ನಡುಗಿತು. ಹೊಡೆತ ನಿಲ್ಲಲಿ ಎಂದು ಆಕೆ ಬೇಡಲಿಲ್ಲ. ಹೊಡೆತ ತಾಳುವ ಶಕ್ತಿ ಕೊಡು ಎಂದು ಬೇಡಿದಳು.

ಇದು ಸಮರ್ಪಣೆಯೇ? ನಂಬಿಕೆಯೇ ಇಲ್ಲದವರಿಗೆ ಉತ್ತರ ಸುಲಭ. ದೇವರೂ ಬೇಡ, ಸಮರ್ಪಣೆಯೂ ಬೇಡ ಎಂದುಬಿಡುತ್ತಾರೆ. ನನಗೆ ಹಾಗೆ ಹೇಳಲಾಗದು. ಒಪ್ಪಿಸಿಕೊಡುವುದೇ ಕ್ರೈಸ್ತ ಬಾಳಿನ ನಡುಗಂಬ ಎಂದು ನಂಬಿದವಳು ನಾನು. ಆದ್ದರಿಂದ ಸತ್ಯವೇದವನ್ನು ಬಿಟ್ಟು ಹೊರಗೆ ಹೋಗದೆ, ಅದರೊಳಗೇ ಉತ್ತರ ಹುಡುಕಬೇಕಾಯಿತು.

ಸಮರ್ಪಣೆಗೆ ಎಲ್ಲರೂ ತೋರಿಸುವ ದೃಷ್ಟಾಂತ ಗೆತ್ಸೇಮನೆ ತೋಟದ ರಾತ್ರಿ. ಮರುದಿನ ಶಿಲುಬೆಗೇರಬೇಕಾದ ಯೇಸು ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದ್ದು ಅಲ್ಲೇ. ಆದರೆ ಪ್ರಸಂಗ ಮಾಡುವವರು ಸಾಮಾನ್ಯವಾಗಿ ಕೊನೆಯ ಮಾತಿಗೆ ಬೇಗ ಬಂದುಬಿಡುತ್ತಾರೆ. ಮೊದಲಿನದನ್ನು ನಿಧಾನವಾಗಿ ಓದಿ ನೋಡಿ. ಯೇಸು ಮೊದಲು ತನಗೇನು ಬೇಕೆಂದು ಹೇಳುತ್ತಾನೆ. ಈ ಕಷ್ಟದ ಪಾತ್ರೆ ನನಗೆ ಬೇಡ, ಸಾಧ್ಯವಾದರೆ ದೂರ ಮಾಡು ಎಂದು ಬೇಡುತ್ತಾನೆ. ಒಂದು ಸಲವಲ್ಲ, ಮತ್ತೆ ಮತ್ತೆ ಬೇಡಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ರಕ್ತದ ಹನಿಗಳಂತೆ ಬೆವರು ಸುರಿಯಿತೆಂದು ಲೂಕನು ಬರೆಯುತ್ತಾನೆ. ತನಗೆ ಇಚ್ಛೆಯೇ ಇಲ್ಲ ಎಂದು ಆತ ನಟಿಸಲಿಲ್ಲ. ಇಚ್ಛೆಯನ್ನು ಪೂರ್ತಿ ಬಾಯಿಬಿಟ್ಟು ಹೇಳಿದ ಮೇಲೆಯೇ ಅದನ್ನು ತಂದೆಯ ಕೈಯಲ್ಲಿಟ್ಟ. ನಾನು ಮೇಷ್ಟರ ಕೆಲಸದವಳು, ನನಗೆ ತೋಚುವ ಹೋಲಿಕೆಯೂ ಅಲ್ಲಿಯದೇ. ಪರೀಕ್ಷೆಯಲ್ಲಿ ಉತ್ತರ ಬರೆದು ಪತ್ರಿಕೆಯನ್ನು ಒಪ್ಪಿಸುವ ಮಗು ಬೇರೆ, ಖಾಲಿ ಹಾಳೆ ಕೊಟ್ಟು ಎದ್ದುಹೋಗುವ ಮಗು ಬೇರೆ. ಕೈಯಿಂದ ಕೈಗೆ ಹೋಗುವಾಗ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಹೇಳದಿರುವುದು. ಅದೇ ರಾತ್ರಿ ಯೇಸುವನ್ನು ಹಿಡಿದು ಮಹಾಯಾಜಕನ ಮುಂದೆ ನಿಲ್ಲಿಸುತ್ತಾರೆ. ಕಾವಲಿನ ಓಲೇಕಾರನೊಬ್ಬ ಆತನ ಕೆನ್ನೆಗೆ ಹೊಡೆಯುತ್ತಾನೆ. ಆಗ ಯೇಸು ಸುಮ್ಮನಿರಲಿಲ್ಲ. ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದನೆಂದು ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಕೆಲವೇ ಗಂಟೆಗಳ ಹಿಂದೆ ತಂದೆಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಟ್ಟಿದ್ದವನೇ ಈ ಪ್ರಶ್ನೆ ಕೇಳಿದವನು. ದೇವರಿಗೆ ಶರಣಾದದ್ದು ಹೊಡೆಯುವ ಕೈಗೆ ಶರಣಾದಂತೆ ಆಗಲಿಲ್ಲ. ತಿರುಗಿ ಹೊಡೆಯಲಿಲ್ಲ, ನಿಜ. ಆದರೆ ಆ ಹೊಡೆತ ಸರಿಯೆಂದು ಒಪ್ಪಲೂ ಇಲ್ಲ. ಈ ವಾಕ್ಯವನ್ನು ನಾನು ಎಷ್ಟೋ ಸಲ ಓದಿ ದಾಟಿದ್ದೆ. ಉದ್ದ ತೋಳಿನ ರವಿಕೆ ನೋಡಿದ ಮೇಲೆ ದಾಟಲಾಗಲಿಲ್ಲ.

ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂದು ಪೌಲನು ಬರೆದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಆ ಮಾತಿದೆ. ಆದರೆ ಅದರ ಹಿಂದಿನ ವಾಕ್ಯದಲ್ಲೇ, ನೀವೆಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂಬ ಬುದ್ಧಿಮಾತೂ ಇದೆ. ಮುಂದಕ್ಕೆ ಓದಿದರೆ ಗಂಡನಾದವನು ಹೆಂಡತಿಗಾಗಿ ಪ್ರಾಣವನ್ನೇ ಕೊಡುವಂತೆ ಪ್ರೀತಿಸಬೇಕೆಂದಿದೆ. ನಡುವಿನ ಒಂದು ವಾಕ್ಯವನ್ನಷ್ಟೇ ಕತ್ತರಿಸಿ ಹೆಂಗಸಿನ ಕೈಗಿಟ್ಟರೆ ಅದನ್ನು ದೇವರ ವಾಕ್ಯವೆನ್ನುವುದು ಹೇಗೆ?

ಮರಿಯಳ ಕಥೆಯನ್ನೂ ಹಾಗೆಯೇ ಅರ್ಧಕ್ಕೆ ಕತ್ತರಿಸುತ್ತೇವೆ. ದೇವದೂತ ಬಂದು ನೀನು ಮಗನನ್ನು ಹೆರುವೆ ಎಂದಾಗ ಆಕೆ ಕೂಡಲೇ ತಲೆಬಾಗಿಸಲಿಲ್ಲ. ನನಗೆ ಗಂಡಿನ ಸಂಗವಿಲ್ಲದಿರುವಾಗ ಇದು ಆಗುವುದು ಹೇಗೆ ಎಂದು ಮೊದಲು ಕೇಳಿದಳು. ದೂತ ಉತ್ತರ ಕೊಟ್ಟ. ಆಮೇಲೆ ಆಕೆ ಒಪ್ಪಿದಳು. ಒಪ್ಪುವ ಮುನ್ನ ತಂದೆಯನ್ನು ಕೇಳಿ ಬರುತ್ತೇನೆ ಎನ್ನಲಿಲ್ಲ. ಮದುವೆ ಗೊತ್ತಾಗಿದ್ದ ಯೋಸೇಫನ ಅನುಮತಿಗೂ ಕಾಯಲಿಲ್ಲ. ಆ ಕಾಲದ ಹಳ್ಳಿಯ ಹುಡುಗಿಯೊಬ್ಬಳ ಬಾಯಿಂದ ತನ್ನ ಬದುಕಿನ ಬಗ್ಗೆ ತಾನೇ ಆಡಿದ ‘ಆಗಲಿ’ ಎಂಬ ಮಾತನ್ನು ಸ್ವರ್ಗವೇ ಕಾದು ಕೇಳಿಸಿಕೊಂಡಿತು. ಕನ್ನಡದವರಿಗೆ ಇದು ಹೊಸದಾಗಿ ಕಾಣಬಾರದು. ಚೆನ್ನಮಲ್ಲಿಕಾರ್ಜುನನಿಗೆ ತನ್ನನ್ನು ಒಪ್ಪಿಸಿಕೊಂಡ ಅಕ್ಕಮಹಾದೇವಿ ಕೌಶಿಕ ರಾಜನ ಅರಮನೆಯ ಹೊಸ್ತಿಲು ದಾಟಿ ಹೊರಟದ್ದನ್ನು ನಾವು ಕೇಳುತ್ತ ಬೆಳೆದವರಲ್ಲವೆ?

ಈ ವಿಚಾರದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಬೆಳಕು ಕೊಟ್ಟವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರೆಂದೇ ಎಲ್ಲರೂ ತಿಳಿದಿರುವ ಈಕೆ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯ ಪಂಡಿತರ ಮುಂದೆ ತನ್ನ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ತಾಯಿ ಲಕ್ಷ್ಮೀಬಾಯಿ ಅದೇ ವಿದ್ಯೆಯನ್ನು ಮಗಳಿಗೆ ಧಾರೆಯೆರೆದರು. ಮಗುವಿಗೆ ಆರು ತಿಂಗಳಾದಾಗ ಸಂಸಾರ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿದ್ದರಂತೆ. ಹದಿಹರೆಯದಲ್ಲೇ ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ನುಂಗಿತು. ಅಣ್ಣನ ಜೊತೆ ಸಾವಿರಾರು ಮೈಲಿ ನಡೆದು ಕಲ್ಕತ್ತೆ ಸೇರಿದ ಹುಡುಗಿಗೆ 1878ರಲ್ಲಿ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಅಣ್ಣ ತೀರಿಕೊಂಡ. 1880ರಲ್ಲಿ ಮದುವೆಯಾದ ಗಂಡ 1882ರಲ್ಲಿ ತೀರಿಕೊಂಡರು. ಕೈಯಲ್ಲೊಂದು ಹೆಣ್ಣುಕೂಸು, ಮನೋರಮಾ.

1883ರಲ್ಲಿ ಓದಿಗೆಂದು ಇಂಗ್ಲೆಂಡಿಗೆ ಹೋದ ರಮಾಬಾಯಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಕನ್ಯಾಮಠದ ಸಿಸ್ಟರುಗಳ ಆಶ್ರಯದಲ್ಲಿದ್ದು ದೀಕ್ಷಾಸ್ನಾನ ಪಡೆದರು. ಇನ್ನು ಈಕೆ ಹೇಳಿದಂತೆ ಕೇಳಿಕೊಂಡಿರುತ್ತಾರೆ ಎಂದು ಹಿರಿಯರು ತಿಳಿದರು. ನಡೆದದ್ದೇ ಬೇರೆ. ತಾನು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಏಕೆ, ನನ್ನ ಜನಕ್ಕೆ ತಿಳಿಯುವ ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಮಾಂಸಾಹಾರ ಮುಟ್ಟಲಿಲ್ಲ. ಈಕೆ ಗಂಡುಮಕ್ಕಳಿಗೆ ಪಾಠ ಹೇಳುವುದು ತರವಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದಾಗ ಕೆರಳಿದರು. ಅರ್ಥವಾಗದ ಧರ್ಮಸೂತ್ರಗಳನ್ನು ಒಪ್ಪಿದೆನೆಂದು ಹೇಳಲು ನಿರಾಕರಿಸಿದರು. ಇದು ಹೆಮ್ಮೆ, ಹಟಮಾರಿತನ ಎಂದು ಅವರ ಧರ್ಮಮಾತೆ ಸಿಸ್ಟರ್ ಜೆರಾಲ್ಡಿನ್ ನೊಂದು ಬರೆದರು. ಹುಟ್ಟಿದ ಊರಿನ ಪುರೋಹಿತರ ನೊಗದಿಂದ ಅಷ್ಟು ಕಷ್ಟಪಟ್ಟು ಕೊರಳು ಬಿಡಿಸಿಕೊಂಡು ಬಂದವಳು ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ, ನನಗೂ ಮನಸ್ಸಾಕ್ಷಿಯಿದೆ ಎಂಬ ಅರ್ಥದಲ್ಲಿ ರಮಾಬಾಯಿ ಉತ್ತರಿಸಿದರು. ಈ ಪತ್ರಗಳು 1977ರಲ್ಲಿ ಪುಸ್ತಕವಾಗಿ ಅಚ್ಚಾಗಿವೆ.

ಇಷ್ಟು ಓದಿ, ರಮಾಬಾಯಿ ಸಮರ್ಪಣೆಗೆ ಒಗ್ಗದ ಹೆಣ್ಣು ಎಂದು ತೀರ್ಮಾನಿಸುವವರಿದ್ದಾರೆ. ಮುಂದಿನ ಬದುಕು ನೋಡಿ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೆಸರು, ಕೀರ್ತಿ, ಅಮೆರಿಕದ ಗೆಳೆಯರ ನೆರವು ಎಲ್ಲ ಇತ್ತು. ಆದರೂ ಒಳಗೆ ಏನೋ ಕೊರತೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಸುಮಾರಿಗೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತನಲ್ಲ ಎಂಬುದು ಹೊಳೆಯಿತೆಂದು 1907ರಲ್ಲಿ ಹೊರಬಂದ ಆತ್ಮಸಾಕ್ಷಿಯಲ್ಲಿ ಅವರು ಬರೆದಿದ್ದಾರೆ. ಆಗಲೇ ಅವರು ತನ್ನನ್ನು ನಿಶ್ಶರ್ತವಾಗಿ ದೇವರ ಕೈಗೆ ಕೊಟ್ಟದ್ದು. ಬಿಷಪ್ಪರಿಗೆ ಬಾಗದ ಅದೇ ತಲೆ ಅಲ್ಲಿ ಬಾಗಿತು.

ಬಾಗಿದ ಮೇಲೆ ಅವರು ಮೂಲೆ ಹಿಡಿದು ಕೂರಲಿಲ್ಲ. 1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ, ಹಸಿವಿನಿಂದ ಎಲುಬುಗೂಡಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಎಂಬ ನೆಲೆ ಎದ್ದಿತು. ಅಲ್ಲಿ ಹೊಲ, ಮಗ್ಗ, ಎಣ್ಣೆಯ ಗಾಣ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲೂ ಅವರ ಶಾಲೆ ತೆರೆಯಿತು. ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಓದುಬರಹ ಕಡಿಮೆಯಿರುವ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತಂದರು. 1921ರಲ್ಲಿ, ತನ್ನ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಮನೋರಮಾ ತೀರಿಕೊಂಡಳು. ತಾಯಿ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ ತಿಂಗಳಲ್ಲಿ ರಮಾಬಾಯಿ ಕಣ್ಣು ಮುಚ್ಚುವ ಹೊತ್ತಿಗೆ ಅನುವಾದ ಮುಗಿದಿತ್ತು.

ಈ ಬಾಳಿನಿಂದ ನನಗೆ ಎರಡು ಗುರುತುಗಳು ಸಿಕ್ಕವು. ನಿಜವಾಗಿ ದೇವರಿಗೆ ಒಪ್ಪಿಸಿಕೊಟ್ಟವರಲ್ಲಿ ಮನುಷ್ಯರ ಭಯ ಕಡಿಮೆಯಾಗುತ್ತದೆ. ಮತ್ತು ಕೈಗೆ ಕೆಲಸ ಹೆಚ್ಚಾಗುತ್ತದೆ. ಸಮರ್ಪಣೆಯ ಹೆಸರಿನಲ್ಲಿ ಭಯ ಬೆಳೆಯುತ್ತಿದ್ದರೆ, ಕೈಕಾಲು ಮರಗಟ್ಟುತ್ತಿದ್ದರೆ, ಆ ಶರಣಾಗತಿ ಬೇರಾರ ಬಾಗಿಲಿಗೋ ತಲುಪಿದೆ ಎಂದೇ ಅರ್ಥ. ದೇವರ ಹೆಸರಿನಲ್ಲಿ ಒಂದು ಮಾತು ಬಂದಾಗ, ಇದರಿಂದ ಲಾಭ ಯಾರಿಗೆ ಎಂದು ಕೇಳಿಕೊಳ್ಳುವುದರಲ್ಲಿ ಅವಿಶ್ವಾಸವೇನೂ ಇಲ್ಲ. ನಿಜವಾದ ದೇವರು ಆ ಪ್ರಶ್ನೆಗೆ ಹೆದರುವವನಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಮಗೆ ಹಿತವಾದ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ನಮ್ಮ ಬಳಿ ಒಪ್ಪಿಸಲು ಏನಿದೆ ಎಂಬ ಸಹೋದ್ಯೋಗಿಯ ಪ್ರಶ್ನೆಯನ್ನು ಮನೆಗೆ ಬಂದು ನನಗೇ ಹಾಕಿಕೊಂಡೆ. ನಮ್ಮ ಬಾಳಿನ ಮೇಲೆ ನಮಗೆ ಅಧಿಕಾರ ಕಡಿಮೆ ಇರಬಹುದು. ಆದರೆ ಮಕ್ಕಳ ಬಾಳಿನ ಮೇಲೆ? ಸೊಸೆಯ ಅಡುಗೆಯ ಮೇಲೆ? ತರಗತಿಯ ನಲವತ್ತು ಮಕ್ಕಳ ಮೇಲೆ? ಗಂಡನ ಮುಂದೆ ಬಾಯಿಬಿಡದ ಎಷ್ಟೋ ಹೆಂಗಸರು ಮಗನ ಮದುವೆಯ ಮಾತು ಬಂದಾಗ ಕಬ್ಬಿಣದ ಕಡಲೆಯಾಗುತ್ತಾರೆ. ಇಚ್ಛೆ ಇಲ್ಲದವರು ಯಾರೂ ಇಲ್ಲ. ನೇರ ದಾರಿ ಮುಚ್ಚಿದಾಗ ಅದು ಸಂದಿಗೊಂದಿಗಳಲ್ಲಿ ಹರಿಯುತ್ತದೆ. ನನ್ನ ಮಗಳು ನರ್ಸಿಂಗ್ ಓದಿ ದೂರದೇಶಕ್ಕೆ ಹೊರಟಾಗ ನನ್ನ ಇಚ್ಛೆ ಎಷ್ಟು ಗಟ್ಟಿಯಿದೆಯೆಂದು ನನಗೆ ತಿಳಿಯಿತು. ಅವಳು ಇಲ್ಲೇ ಇರಲಿ, ನನ್ನ ಕಣ್ಣೆದುರಿಗೇ ಇರಲಿ ಎಂದು ದೇವರ ಮುಂದೆ ಎಷ್ಟೋ ರಾತ್ರಿ ಬೇಡಿದೆ. ಹಾಗೆ ಬೇಡಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಬೇಡಿಯಾದ ಮೇಲೆ ಅವಳ ಪೆಟ್ಟಿಗೆಗೆ ಉಪ್ಪಿನಕಾಯಿ ಕಟ್ಟಿಕೊಟ್ಟೆ. ನನ್ನ ಪಾಲಿನ ಸಮರ್ಪಣೆ ಅಂದು ಅಷ್ಟೇ ಆಗಿತ್ತು. ಅದು ಸಣ್ಣದೆಂದು ತಾಯಂದಿರಾರೂ ಹೇಳಲಾರರು.

ಒಪ್ಪಿಸಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆಂದು ಹೇಳುವವರಿದ್ದಾರೆ. ಸಿಗಬಹುದು, ಸಿಗದೆಯೂ ಇರಬಹುದು. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಕಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದ ಆ ತಾಯಿ, ದಶಕಗಳ ಕಾಲ ದೇವರು ತನ್ನ ಹತ್ತಿರವಿದ್ದಾನೆಂಬ ಅನುಭವವೇ ಇಲ್ಲದೆ ಕತ್ತಲಲ್ಲಿ ನಡೆದಿದ್ದರೆಂದು ಅದನ್ನು ಓದಿದ ಲೋಕ ಬೆರಗಾಯಿತು. ನನಗಂತೂ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಸುಖ ಸಿಗುವವರೆಗೆ ಮಾತ್ರ ಒಪ್ಪಿಸಿಕೊಳ್ಳುವುದು ವ್ಯಾಪಾರ. ಅವರು ಕೊಟ್ಟ ಮಾತನ್ನು ಉಳಿಸಿಕೊಂಡರು, ಬೆಳಗಾದರೆ ಮತ್ತೆ ಕೆಲಸಕ್ಕೆ ಹೊರಟರು.

ಆ ಹೆಣ್ಣುಮಗಳ ಕಥೆ ಏನಾಯಿತೆಂದು ಓದುವವರಿಗೆ ಅನಿಸಿರಬಹುದು. ಕೂಟದ ನಾವು ಮೂರ್ನಾಲ್ಕು ಜನ ಅವಳ ಜೊತೆ ಕೂತು, ಓಲೇಕಾರನ ಹೊಡೆತಕ್ಕೆ ಯೇಸು ಕೇಳಿದ ಪ್ರಶ್ನೆಯನ್ನು ಓದಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಕ್ಕಾ, ಹಾಗಾದರೆ ಯಾಕೆ ಹೊಡೀತೀ ಅಂತ ಕೇಳಿದರೆ ದೇವರಿಗೆ ಕೋಪ ಬರೋದಿಲ್ವಾ?” ಎಂದಳು. ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ರಕ್ಷಿಸುವ 2005ರ ಕಾನೂನಿನ ವಿಚಾರ ತಿಳಿಸಿ, ಅದರಡಿ ನೇಮಕವಾದ ರಕ್ಷಣಾಧಿಕಾರಿಯ ಬಳಿಗೆ ಅವಳ ಜೊತೆಯಲ್ಲೇ ಹೋದೆವು. ಈಗ ಅವಳು ಅಣ್ಣನ ಮನೆಯ ಪಕ್ಕದಲ್ಲಿ ಮಕ್ಕಳೊಡನೆ ಇದ್ದಾಳೆ, ಹೊಲಿಗೆ ಮಾಡಿ ಜೀವನ ಸಾಗಿಸುತ್ತಾಳೆ. ಎಲ್ಲವೂ ಸುಖಾಂತವೆಂದೇನೂ ಅಲ್ಲ. ಬಾಡಿಗೆ ಕಟ್ಟುವ ತಾರೀಖು ಬಂತೆಂದರೆ ಅವಳ ಮುಖ ಬಾಡುತ್ತದೆ. ಗಂಡನಿಗಾಗಿ ಈಗಲೂ ಪ್ರಾರ್ಥಿಸುತ್ತಾಳೆ. ಕ್ಷಮಿಸುವುದು ಕಷ್ಟವಾಗುತ್ತಿದೆ, ಅದನ್ನೂ ದೇವರಿಗೇ ಒಪ್ಪಿಸಿದ್ದೇನೆ ಎನ್ನುತ್ತಾಳೆ. ಮೊದಲಿನ ಪ್ರಾರ್ಥನೆಗಿಂತ ಇದು ಎಷ್ಟೋ ಕಠಿಣವಾದ ಸಮರ್ಪಣೆ ಎಂದು ನನಗನಿಸುತ್ತದೆ.

ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಮನ್ನವನ್ನು ಅಂದಂದೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಒಪ್ಪಿಸಿಕೊಡುವುದೂ ಹಾಗೆಯೇ, ಒಂದು ದಿನ ಮಾಡಿ ಮುಗಿಸುವ ಕೆಲಸವಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ನಾನು ಐದು ನಿಮಿಷ ಕೂರುತ್ತೇನೆ. ನನಗೆ ಬೇಕಾದುದನ್ನೆಲ್ಲ ಮೊದಲು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಆಮೇಲೆ ಮುಷ್ಟಿ ಬಿಚ್ಚಲು ನೋಡುತ್ತೇನೆ. ಕೆಲವು ದಿನ ಬಿಚ್ಚುತ್ತದೆ. ಕೆಲವು ದಿನ ಶಾಲೆಯ ಮೊದಲ ಗಂಟೆ ಹೊಡೆದರೂ ಬಿಗಿದೇ ಇರುತ್ತದೆ. ಹಾಗಾದ ದಿನ, ಬಿಚ್ಚದ ಮುಷ್ಟಿಯನ್ನೇ ಆತನ ಮುಂದೆ ಹಿಡಿದು ತರಗತಿಗೆ ಹೋಗುತ್ತೇನೆ.